ಅಳತೆಗೆ ಕತ್ತರಿಸಿದ ಹುಟ್ಟು

ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿದಿರಿ, ಅಲ್ಲಾಡಬೇಡಿ ಎಂದು ಹೇಳಿ ಗಾಜಿನ ಹಿಂದಕ್ಕೆ ಬಂದು ಗುಂಡಿ ಒತ್ತಿದವಳು, ಆಮೇಲೆ ಹೇಳಬೇಕಾದ ಒಂದೇ ಒಂದು ಮಾತನ್ನು ಮರೆತುಬಿಟ್ಟಳು. ಯಂತ್ರ ಗುಂಯ್ ಎಂದು ಸುಮ್ಮನಾಯಿತು. ಎಕ್ಸ್‌ರೇ ಫಲಕಕ್ಕೆ ಎದೆಯೊತ್ತಿ ಗದ್ದ ಮೇಲೆ ಮಾಡಿ ನಿಂತಿದ್ದ ಮುದುಕ ನಿಂತೇ ಇದ್ದ. ಅವಳು ಪರದೆಯ ಮೇಲೆ ಮೂಡಿದ ಅವನ ಪಕ್ಕೆಲುಬುಗಳನ್ನು ನೋಡುತ್ತಿದ್ದಳು. ನೋಡುತ್ತಿದ್ದಳೆಂದರೆ ಕಣ್ಣು ಅಲ್ಲಿತ್ತು, ಅಷ್ಟೆ. ಎಲುಬುಗಳ ನಡುವಿನ ಕಪ್ಪು ಅವಳಿಗೆ ನೀರಿನ ಹಾಗೆ ಕಂಡಿತು. ಆ ನೀರಿಗೆ ಎಷ್ಟು ಅಗಲದ ಹುಟ್ಟಿನ ಅಲಗು ಸಾಕು, ಅಂಗೈಯಷ್ಟೋ, ಎರಡು ಅಂಗೈಯಷ್ಟೋ ಎಂದು ಮನಸ್ಸು ಅಳೆಯುತ್ತಿತ್ತು. ಗಾಜಿನಾಚೆಯಿಂದ ಹಿಸುಕಿದಂಥ ದನಿಯೊಂದು ಬಂತು. "ಬಿಡ್ಲಾ ತಾಯಿ?" ಮುದುಕನ ಮುಖ ಕೆಂಪಗೆ ಊದಿಕೊಂಡಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಿಡಿ, ಬಿಡಿ, ಬಿಟ್ಬಿಡಿ ಎಂದು ಅವಳು ಓಡಿ ಬಂದಳು. ಅವನು ಉಸಿರು ಬಿಟ್ಟ ರಭಸಕ್ಕೆ ನಗುವೂ ಕೆಮ್ಮೂ ಒಟ್ಟಿಗೇ ಬಂದವು. ಪಾಪ, ಅವನೇ ಅವಳಿಗೆ ಸಮಾಧಾನ ಹೇಳಿದ. ಹೆಂಡತಿ ಇದ್ದಾಗ ಇದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಗಿಹಿಡಿದು ಕೂತ ದಿನಗಳಿವೆ, ಬಿಡಿ ಎಂದ.

ಇಷ್ಟು ವರ್ಷಗಳ ಕೆಲಸದಲ್ಲಿ ಎಂದೂ ಹೀಗಾಗಿರಲಿಲ್ಲ. ಮುದುಕನ ಅಂಗಿಯ ಗುಂಡಿ ಹಾಕಲು ಕೈ ನೀಡಿದಾಗ ಅವಳ ಬಲಭುಜ ಚುಳ್ಳೆಂದಿತು. ಅದನ್ನು ಮರೆಮಾಚಲು ಎಡಗೈ ಮುಂದೆ ಬಂತು. ಕೈಗಳು ತಾವಾಗಿಯೇ ಹೀಗೊಂದು ಒಳಒಪ್ಪಂದ ಮಾಡಿಕೊಂಡಿದ್ದವು, ಒಂದು ತಪ್ಪಿಸಿಕೊಂಡರೆ ಇನ್ನೊಂದು ಹಾಜರಿ ಹಾಕುವುದು. ಬಾಗಿಲಲ್ಲಿ ನಿಂತಿದ್ದ ಜೊತೆಯ ತಂತ್ರಜ್ಞ ಅದನ್ನು ನೋಡಿಬಿಟ್ಟ. ಅವನು ನಿವೃತ್ತಿಯ ಅಂಚಿನಲ್ಲಿದ್ದ ದಪ್ಪ ಮನುಷ್ಯ, ಮೆಟ್ಟಿಲು ಹತ್ತಿದರೆ ತಾನೇ ಏದುಸಿರು ಬಿಡುವವನು. ಬಂದು ಅವಳ ಮೈಮೇಲಿದ್ದ ಸೀಸದ ಕವಚವನ್ನು ಹಿಂದಿನಿಂದ ಬಿಚ್ಚಿ ತೆಗೆದು ಮೊಳೆಗೆ ತೂಗುಹಾಕಿದ. ಎರಡು ತಿಂಗಳಿಂದ ಅವಳಿಗೆ ಸಿಗುತ್ತಿರುವುದು ಸಣ್ಣ ಕವಚ, ಹಗುರವಾದದ್ದು. ವಾರ್ಡುಗಳಿಗೆ ದೂಡಿಕೊಂಡು ಹೋಗುವ ಗಾಲಿಯಂತ್ರದ ಪಾಳಿಯಿಂದ ಅವಳನ್ನು ತೆಗೆದಿದ್ದರು. ದೊಡ್ಡ ಡಾಕ್ಟರು ಕರೆದು, ನಿಮ್ಮಂಥವರು ನಮಗೆ ಬೇಕು ಕಣಮ್ಮಾ, ಆದ್ದರಿಂದಲೇ ಜೋಪಾನ ಮಾಡ್ತಿದೀವಿ ಎಂದಿದ್ದರು. ಯಾರನ್ನೂ ದೂರುವ ಹಾಗಿರಲಿಲ್ಲ. ಅಕ್ಕ ದಿನಾ ಫೋನು ಮಾಡುತ್ತಾಳೆ, ಬಕೆಟ್ ಎತ್ತಬೇಡ ಅನ್ನುತ್ತಾಳೆ. ಗಂಡ ಸಂತೆಯ ಚೀಲದಿಂದ ಕೊತ್ತಂಬರಿ ಕಟ್ಟನ್ನು ಮಾತ್ರ ಅವಳ ಕೈಗೆ ಕೊಡುತ್ತಾನೆ. ಎಲ್ಲರೂ ಸೇರಿ ಪ್ರೀತಿಯಿಂದಲೇ ತನ್ನನ್ನು ದಿನಕ್ಕಿಷ್ಟು ಕತ್ತರಿಸುತ್ತಿದ್ದಾರೆ, ಹೀಗೇ ಆದರೆ ಒಂದು ದಿನ ಮಡಿಸಿ ಕಪಾಟಿನಲ್ಲಿಡಬಹುದು ಎಂದು ಅವಳಿಗೆ ಅನಿಸತೊಡಗಿತ್ತು. ಹಾಗೆ ಅನಿಸಿದ ಕೂಡಲೇ ನಾಚಿಕೆಯೂ ಆಗುತ್ತಿತ್ತು. ಉಪಕಾರ ಮಾಡಿದವರ ಕೈಯನ್ನೇ ಕಚ್ಚುವ ಯೋಚನೆ ಅದು.

ಅಷ್ಟಕ್ಕೂ ಆದದ್ದೇನು? ಬಚ್ಚಲಲ್ಲಿ ಜಾರಿ ಬಿದ್ದದ್ದು. ಹತ್ತು ವರ್ಷ ಅಲೆಗಳ ಮೇಲೆ ಹಲಗೆ ಹಾಕಿಕೊಂಡು ನಿಂತವಳು ಅವಳು. ಮಂಡಿಯೂರಿ ಎದ್ದು, ಎರಡು ಕಾಲಿನ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ, ಅಲೆ ಒಡೆಯುವ ಹೊತ್ತಿಗೆ ಅದರ ಹೆಗಲೇರಿ ದಡಕ್ಕೆ ಬರುವ ಆಟ. ಸಮುದ್ರ ಅವಳಿಗೆ ಒಂದು ಗೀರೂ ಮಾಡಿರಲಿಲ್ಲ. ಸೋಪಿನ ಚೂರೊಂದು ಮೇಲ್ತೋಳಿನ ಮೂಳೆಯನ್ನು ಎರಡು ಹೋಳು ಮಾಡಿತು. ಅದೇ ಆಸ್ಪತ್ರೆಯ ಅದೇ ಮೇಜಿನ ಮೇಲೆ ಅವಳನ್ನು ಮಲಗಿಸಿ ಚಿತ್ರ ತೆಗೆದಾಗ, ಡಾಕ್ಟರು ಬರುವ ಮೊದಲೇ ಕತ್ತು ಹೊರಳಿಸಿ ಪರದೆ ನೋಡಿ, ಪ್ಲೇಟ್ ಹಾಕ್ಬೇಕಾಗತ್ತೆ ಎಂದು ತಾನೇ ಹೇಳಿದ್ದಳು, ಬೇರೆ ಯಾರದ್ದೋ ಮೂಳೆಯ ಬಗ್ಗೆ ಹೇಳುವ ಹಾಗೆ. ಆಮೇಲಿನ ಚಿತ್ರಗಳಲ್ಲಿ ಲೋಹದ ಪಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು, ಅದರಿಂದ ತಿರುಪುಗಳು ಬಾಚಣಿಗೆಯ ಹಲ್ಲಿನಂತೆ ಮೂಳೆಗೆ ಇಳಿದಿದ್ದವು. ಮೂಳೆ ಕೂಡಿತು. ಆದರೆ ಕೈ ಕಿವಿಯವರೆಗೆ ಏರಿ ಅಲ್ಲಿ ನಿಂತುಬಿಡುತ್ತಿತ್ತು. ಬೆಳಿಗ್ಗೆ ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವ ವ್ಯಾಯಾಮವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಜೇಡ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಇದೇ ಇನ್ನು ನಿಮ್ಮ ಎತ್ತರ ಎಂದು ಮೂಳೆಯ ಡಾಕ್ಟರು ಹೇಳಿದ್ದರು. ಈಜುಕೊಳದಲ್ಲಿ ನಡೀರಿ, ತುಂಬಾ ಒಳ್ಳೇದು ಅಂದಿದ್ದರು. ಈಜುಕೊಳದಲ್ಲಿ ನಡೆಯುವುದು! ರಸ್ತೆಯಲ್ಲಿ ಈಜಿದ ಹಾಗೆ.

ಮಧ್ಯಾಹ್ನ ಪಾಳಿ ಮುಗಿದಾಗ ಅವಳು ಮನೆಯ ಕಡೆಯ ಬಸ್ಸು ಹತ್ತಲಿಲ್ಲ. ಎದುರು ದಿಕ್ಕಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ಕಿಟಕಿಯ ಅಂಚಿನ ಮೇಲಿಟ್ಟಳು, ಮಲಗಿದ ಮಗುವನ್ನು ಎತ್ತಿಡುವ ಹಾಗೆ. ಹೊಸ ಹುಟ್ಟು ಕೊಳ್ಳುವುದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹಳೆಯದು ಮನೆಯಲ್ಲಿತ್ತು. ಅದು ದೊಡ್ಡದು. ಅದರ ಅಲಗು ಮೊರದಷ್ಟು ಅಗಲ ಎಂದು ದಡದಲ್ಲಿ ನಗೆಯಾಡುತ್ತಿದ್ದರು. ಕಲಿಸಿದಾತ ಮೊದಲ ದಿನವೇ ಅವಳ ತೋಳು ನೋಡಿ, ನಿಮಗೆ ದೊಡ್ಡದೇ ಸೈ ಎಂದಿದ್ದ. ಆ ಒಂದು ಮಾತಿಗೆ ಅವಳು ಎಷ್ಟು ಉಬ್ಬಿದ್ದಳೆಂದರೆ ಆ ರಾತ್ರಿ ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡಿದ್ದಳು. ಚಿಕ್ಕಂದಿನಿಂದ ಗಟ್ಟಿಗಿತ್ತಿ ಎನ್ನಿಸಿಕೊಂಡವಳು ಅಕ್ಕ. ಇವಳಿಗೆ ಆ ಮಾತು ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಸಮುದ್ರದ ದಡದಲ್ಲಿ. ಅಲ್ಲಿಂದ ಅವಳ ಹೆಸರೇ ದೊಡ್ಡಹುಟ್ಟು ಎಂದಾಯಿತು. ರಜೆಯ ದಿನವೂ ಕತ್ತಲಲ್ಲೆದ್ದು ಹೋಗುವ ಅವಳನ್ನು ನೋಡಿ ಅಕ್ಕ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದಾಗ, ಅಪರೂಪಕ್ಕೆ ಬಾಯಿಬಿಡುವ ಗಂಡ, ಇವಳದು ಹುಟ್ಟಿನ ಗುಣ, ಸುಟ್ಟರೆ ಹೋದೀತು, ಬರೀ ಪ್ಲಾಸ್ಟಿಕ್ಕು ಎಂದಿದ್ದ. ಅವನು ಗ್ರಂಥಪಾಲಕ. ಪುಸ್ತಕಗಳ ನಡುವೆ ಪಿಸುಗುಟ್ಟಿ ಪಿಸುಗುಟ್ಟಿ ಅವನ ಗಂಟಲೇ ಹಾಗಾಗಿಹೋಗಿತ್ತು; ಮನೆಯಲ್ಲಿ ಹಾಲು ಉಕ್ಕಿದರೂ ಅದೇ ಮೆಲುದನಿಯಲ್ಲಿ ಹೇಳುವವನು. ಅವನು ಕೂಗಿದ್ದನ್ನು ಅವಳು ಕೇಳಿದ್ದು ಒಂದೇ ಸಲ.

ಆ ಸಲ ನೆನಪಾಗುವ ಮೊದಲೇ ಅವಳು ಕಿಟಕಿಯಾಚೆ ನೋಡಿದಳು. ಆಚೆ ಟೈರುಗಳ ರಾಶಿ, ಬಾಗಿಲು ಹಾಕಿದ ಬ್ಯಾಂಕು, ಯಾರದ್ದೋ ಬಾಲ್ಕನಿಯಲ್ಲಿ ಒಣಗುತ್ತಿದ್ದ ನೀಲಿ ಹಾಸಿಗೆವಸ್ತ್ರ. ವಸ್ತ್ರ ಗಾಳಿಗೆ ಉಬ್ಬಿತು. ಆ ದಿನ ನೆನಪಾಗಲು ಅಷ್ಟು ಸಾಕಾಯಿತು. ಡಾಕ್ಟರು ಇನ್ನೂ ಹ್ಞೂ ಅನ್ನುವ ಮೊದಲೇ, ಗಂಡನಿಗೆ ಬರೀ ದಡದಲ್ಲಿ ಅಡ್ಡಾಡಿ ಬರೋಣ ಎಂದು ಹೇಳಿ, ಹಲಗೆ, ಹುಟ್ಟು ಸುಮ್ಮನೆ ಜೊತೆಗಿರಲಿ ಎಂದು ಕಾರಿನ ಮೇಲೆ ಕಟ್ಟಿಸಿ, ಅವಳು ಹೋಗಿದ್ದಳು. ದಡದಿಂದ ಆಚೆ ಹೋಗುವುದು ಹೇಗೋ ಆಯಿತು. ಒಡೆಯುವ ಅಲೆಗಳ ಸಾಲಿನಲ್ಲಿ ಬೇಗ ತಿರುಗಬೇಕು, ಬೇಗ ಹಾಕಬೇಕು. ಅಗಲದ ಅಲಗು ನೀರಿನಲ್ಲಿ ಇಳಿಯುತ್ತಿದ್ದ ಹಾಗೆ ನೀರು ಗಾರೆಯಾಗುತ್ತಿತ್ತು. ಎಳೆದರೆ ಅಲಗು ಬರುತ್ತಿರಲಿಲ್ಲ, ಭುಜ ಬರುತ್ತಿತ್ತು. ಹುಟ್ಟಿನ ಮೇಲ್ತುದಿ ಹಿಡಿಯಬೇಕಾದ ಕೈ ಕಿವಿಯ ಹತ್ತಿರ ಬಂದು ನಿಂತು, ತಲೆಯ ಮೇಲಿದ್ದ ಹಿಡಿಯನ್ನು ಬರೀ ನೋಡುತ್ತಿತ್ತು. ಬಿದ್ದಳು, ಹತ್ತಿದಳು, ಮತ್ತೆ ಬಿದ್ದಳು. ಕೊನೆಗೆ ಮಂಡಿಯೂರಿ ಕೂತಳು. ಸೆಳೆತ ಅವಳನ್ನು ಅಡ್ಡಕ್ಕೆ ಒಯ್ಯುತ್ತಿತ್ತು, ದಡದ ಕೊಡೆಗಳೆಲ್ಲ ಒಂದೊಂದಾಗಿ ಎಡಕ್ಕೆ ಸರಿಯುತ್ತಿದ್ದವು. ಆಗ ಕೇಳಿದ್ದು ಆ ಕೂಗು. ಹೆಸರಿಲ್ಲ, ಮಾತಿಲ್ಲ, ಬರೀ ಏಯ್, ಏಯ್. ಪ್ಯಾಂಟು, ಇಸ್ತ್ರಿ ಅಂಗಿ, ಕಾಲಲ್ಲಿ ಶೂ, ಹಾಗೇ ಅವನು ನೀರಿನೊಳಗೆ ನಡೆದು ಬರುತ್ತಿದ್ದ. ಈಜಲು ನೆಟ್ಟಗೆ ಬಾರದವನು. ನೀರು ಎದೆಗೆ ಬಂತು, ಕತ್ತಿಗೆ ಬಂತು, ಒಂದು ಅಲೆ ಅವನ ತಲೆಯ ಮೇಲೆ ಹೋಯಿತು. ಎದ್ದಾಗ ಮುಖದ ಮೇಲೆ ಕನ್ನಡಕವಿರಲಿಲ್ಲ, ಎತ್ತ ನೋಡಿ ಕೂಗಬೇಕೆಂಬುದೂ ತಿಳಿಯದೆ ಬೇರೆಯೇ ದಿಕ್ಕಿಗೆ ಮುಖಮಾಡಿ ಏಯ್ ಎನ್ನುತ್ತಿದ್ದ. ಅವಳಿಗೆ ಆಗ ಆದದ್ದು ಭಯವಲ್ಲ, ಪ್ರೀತಿಯಂತೂ ಅಲ್ಲ. ಸಿಟ್ಟು. ದಡದಲ್ಲಿ ಜನ ಎದ್ದು ನಿಂತು ನೋಡುತ್ತಿದ್ದರು. ಕಾವಲಿನವನು ದೋಣಿ ತಂದು ಮೊದಲು ಅವನನ್ನು, ಆಮೇಲೆ ಅವಳನ್ನು ಎಳೆದುಕೊಂಡ. ಮರಳಿನ ಮೇಲೆ ಅವನು ನಡುಗುತ್ತ ಕೂತಿದ್ದಾಗ ಅವಳು ಅವನಿಗೆ ಹೇಳಿದ ಮೊದಲ ಮಾತು, ಶೂ ಹಾಕ್ಕೊಂಡು ಯಾರಾದ್ರೂ ನೀರಿಗಿಳೀತಾರಾ ಎಂಬುದು.

ಆ ದಿನದ ಮಾತನ್ನು ಅವನು ಆಮೇಲೆ ಎತ್ತಲಿಲ್ಲ. ಹೋಗಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಹೊಸ ಕನ್ನಡಕ ಮಾಡಿಸಿಕೊಂಡ. ಮಾರನೆಯ ದಿನ ಅವಳು ಕೆಲಸದಿಂದ ಬಂದು ನೋಡುವಾಗ ಬಾಗಿಲ ಹಿಂದೆ ಯಾವಾಗಲೂ ಒರಗಿರುತ್ತಿದ್ದ ಹುಟ್ಟು ಅಲ್ಲಿರಲಿಲ್ಲ. ಮಲಗುವ ಕೋಣೆಯ ಕಪಾಟಿನ ನೆತ್ತಿಯ ಮೇಲೆ, ಗೋಡೆಗೆ ಒತ್ತಿ, ಅಡ್ಡಲಾಗಿ ಮಲಗಿತ್ತು. ಮನೆ ಗುಡಿಸಲು ಅನುಕೂಲವೆಂದು ಇಟ್ಟಿದ್ದಾನು. ಇರಬಹುದು. ಆದರೆ ಅವಳ ಕೈ ಏರದ ಎತ್ತರ ಯಾವುದೆಂದು ಈ ಜಗತ್ತಿನಲ್ಲಿ ಅವನಷ್ಟು ಸರಿಯಾಗಿ ಬಲ್ಲವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಜಡೆ ಹಾಕಿಕೊಡುವವನು ಅವನು. ಕುರ್ಚಿ ಹಾಕಿಕೊಂಡು ಇಳಿಸಬಹುದಿತ್ತು. ಅವಳು ಇಳಿಸಲಿಲ್ಲ. ಹಾಸಿಗೆಯಲ್ಲಿ ಅಂಗಾತ ಮಲಗಿದರೆ ಅಲಗಿನ ಒಂದು ಮೂಲೆ ಕಾಣುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ಮಲಗಿರುತ್ತಿದ್ದರು, ಇನ್ನೊಬ್ಬರು ನಿದ್ದೆ ಹೋಗಿದ್ದಾರೆಂದು ನಂಬಿಕೊಂಡು.

ಬಸ್ಸಿಳಿದು ಹೊಕ್ಕ ಜಲಕ್ರೀಡೆಯ ಅಂಗಡಿಯೊಳಗೆ ರಬ್ಬರಿನ ವಾಸನೆ. ಮಾಲೀಕಳು ಗಲ್ಲಾಪೆಟ್ಟಿಗೆಯ ಹಿಂದೆ ನಿಂತುಕೊಂಡೇ ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಎತ್ತರದ, ಕತ್ತರಿಸಿದ ಕೂದಲಿನ ಹೆಂಗಸು, ಬಿಸಿಲಿಗೆ ಮೂಗು ಸಿಪ್ಪೆ ಎದ್ದಿತ್ತು. ಪ್ಯಾಡಲ್ ಬೇಕಿತ್ತು ಎಂದಾಗ ಚಮಚ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದಳು. ಯಾರಿಗೆ ಎಂದು ಕೇಳಿದಳು. ನನಗೇ. ಮಾಲೀಕಳ ಕಣ್ಣು ಅವಳ ನರೆಗೂದಲಿನಿಂದ ಇಳಿದು, ಎಡಗೈ ಬಲಗೈಯನ್ನು ಹಿಡಿದುಕೊಂಡಿದ್ದ ಜಾಗದಲ್ಲಿ ನಿಂತಿತು. ಆಸ್ಪತ್ರೆಯಲ್ಲಿ ಬಾಗಿಲಿನಿಂದ ಮೇಜಿನವರೆಗೆ ರೋಗಿ ನಡೆದು ಬರುವಷ್ಟರಲ್ಲಿ ಎಲ್ಲಿ ನೋವೆಂದು ಕಂಡುಹಿಡಿಯುವ ನೋಟ ಅದು, ಅವಳದೇ ನೋಟ. ತನ್ನ ಮೇಲೆ ಬಿದ್ದಾಗ ಅದು ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

"ಕೆರೆಗೆ ತಾನೆ?" ಮಾಲೀಕಳು ಕೇಳಿದಳು. "ನಿಂತ ನೀರಿಗೆ?"

"ಅಲೆಗೆ."

ಚಮಚ ಡಬ್ಬಿಯಲ್ಲಿ ನಿಂತಿತು. ಮಾಲೀಕಳು ಕೈ ಒರೆಸಿಕೊಂಡು ಗೋಡೆಯ ಮಧ್ಯದ ಸಾಲಿನಿಂದ ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಒಂದನ್ನು ತಂದಳು. ಅಲಗು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಇದನ್ನು ಎಲ್ಲಾ ವಯಸ್ಸಿನವರೂ ತಗೋತಾರೆ ಅಂದಳು. ಆ ಎಲ್ಲಾ ಎಂಬ ಪದದ ಮೇಲೆ ಮಾಲೀಕಳು ದಯೆಯಿಂದ ಸ್ವಲ್ಪ ಒತ್ತು ಕೊಟ್ಟಳು. ಅವಳು ಅದನ್ನು ಇಸಿದುಕೊಂಡು ನಿಂತಲ್ಲೇ ಗಾಳಿಯಲ್ಲಿ ಎರಡು ಸಲ ಹಾಕಿ ನೋಡಿದಳು. ಗಾಳಿಯಲ್ಲಿ ಯಾವ ಹುಟ್ಟೂ ಭಾರವಲ್ಲ. ಕಣ್ಣು ಮುಚ್ಚಿದಳು. ನೀರನ್ನು ನೆನಪಿಗೆ ತಂದುಕೊಂಡಳು, ಅಲಗಿನ ಪೂರ್ತಿ ಅಗಲಕ್ಕೂ ಅದು ಒಟ್ಟಿಗೇ ಬಂದು ಒರಗುವುದನ್ನು, ಆ ಭಾರ ಕೋಲಿನ ಗುಂಟ ಏರಿ ಮೊಣಕೈ ದಾಟಿ ಆ ಲೋಹದ ಪಟ್ಟಿಯ ಬಾಗಿಲು ತಟ್ಟುವುದನ್ನು. ಬಾಗಿಲು ತಟ್ಟಿತು. ಇದಕ್ಕಿಂತ ಚಿಕ್ಕದು ಎಂದಳು.

ಚಿಕ್ಕವು ಕೆಳಗಿನ ಸಾಲಿನಲ್ಲಿದ್ದವು, ಮೀನಿನ ಚಿತ್ರವಿದ್ದ ಮಕ್ಕಳ ಹುಟ್ಟುಗಳ ಜೊತೆಗೆ. ಅವನ್ನು ನೋಡಲು ಬಗ್ಗಬೇಕಾಯಿತು. ಬಗ್ಗಿದಾಗ ಅವಳಿಗೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಯಿತು, ಎದ್ದು ಹೋಗಿಬಿಡೋಣ ಅನ್ನಿಸಿತು. ಸಣ್ಣ ಕವಚ, ಸಣ್ಣ ಚೀಲ, ಸಣ್ಣ ಪಾಳಿ, ಈಗ ಸಣ್ಣ ಹುಟ್ಟು. ಊರೆಲ್ಲ ಸೇರಿ ಮಾಡುತ್ತಿರುವ ಕೆಲಸಕ್ಕೆ ತಾನೇ ಬಂದು ಕೈಜೋಡಿಸಿದ ಹಾಗಾಯಿತಲ್ಲ. ದೊಡ್ಡಹುಟ್ಟು ಎಂದು ಇನ್ನು ಯಾರು ಕರೆದಾರು? ಕಪಾಟಿನ ಮೇಲಿನದನ್ನು ಇಳಿಸಿ, ಹಲ್ಲು ಕಚ್ಚಿ, ಬೇಕಾದರೆ ಮೂಳೆ ಇನ್ನೊಮ್ಮೆ ಮುರಿಯಲಿ ಎಂದು ಹೋಗುವುದೇ ಮರ್ಯಾದೆಯಲ್ಲವೆ? ಮರ್ಯಾದೆ. ಯಾರ ಎದುರಿಗೆ? ಆ ದಿನ ದಡದಲ್ಲಿ ಎದ್ದು ನಿಂತವರ ಎದುರಿಗೆ? ಅವರಲ್ಲಿ ಒಬ್ಬರ ಮುಖವೂ ಅವಳಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಕನ್ನಡಕವಿಲ್ಲದ ಒಂದೇ ಒಂದು ಮುಖ. ಅವಳು ಬಗ್ಗಿಯೇ ಇದ್ದಳು. ಬೆಳಿಗ್ಗೆ ಮುದುಕ ಉಸಿರು ಹಿಡಿದು ನಿಂತಿದ್ದ ಹಾಗೆ, ಯಾರಾದರೂ ಬಿಡಿ ಎನ್ನುವವರೆಗೆ ನಿಲ್ಲುವುದು ತನ್ನಿಂದಾಗದು. ಕೊಟ್ಟದ್ದು ಬೇರೆ, ಆರಿಸಿದ್ದು ಬೇರೆ. ಸಣ್ಣ ಕವಚವನ್ನು ಅವರು ಅವಳಿಗೆ ಕೊಟ್ಟಿದ್ದು ಅವಳು ಕೂತಿರಲಿ ಎಂದು. ಈ ಸಣ್ಣ ಅಲಗು ಹೋಗುವುದಕ್ಕೆ. ದೊಡ್ಡ ಅಲಗು ಒಂದು ಸಲ ನೀರನ್ನು ತಬ್ಬುವಷ್ಟರಲ್ಲಿ ಇದು ಎರಡು ಸಲ ಕಚ್ಚಿ ಬಿಟ್ಟಿರುತ್ತದೆ. ಅಲೆಗೆ ಬೇಕಾದದ್ದು ಅದೇ ಅಲ್ಲವೆ, ಬೇಗ ಬೇಗ ನಾಲ್ಕು ಕಚ್ಚು, ಆಮೇಲಿನದನ್ನು ಅಲೆಯೇ ನೋಡಿಕೊಳ್ಳುತ್ತದೆ. ಹತ್ತು ವರ್ಷ ಅವಳು ಬರೀ ತೋಳಿನ ಹೆಮ್ಮೆಗೆ ಅಲೆಗಳನ್ನು ತಡವಾಗಿ ಹಿಡಿದಿರಬಹುದು. ಈ ಯೋಚನೆಗೆ ಅವಳಿಗೆ ನಗು ಬಂತು, ಮಂಜು ಹೋಯಿತು. ಮೀನಿನ ಚಿತ್ರವಿಲ್ಲದ ಒಂದನ್ನು ಎಳೆದು ತೆಗೆದಳು. ಕಪ್ಪು ಕೋಲು, ಎರಡು ಅಂಗೈ ಜೋಡಿಸಿದಷ್ಟೇ ಅಗಲದ ಅಲಗು.

ಇದು ಉದ್ದ ಬದಲಿಸುವಂಥದ್ದಲ್ಲ, ಒಂದೇ ಸಲ ಅಳತೆಗೆ ಕತ್ತರಿಸಿ ಹಿಡಿ ಅಂಟಿಸಬೇಕು ಎಂದು ಮಾಲೀಕಳು ವಿವರಿಸಿದಳು. ಸಾಮಾನ್ಯವಾಗಿ ತಲೆಯ ಮೇಲೆ ಒಂದು ಗೇಣು ಬಿಡುತ್ತಾರೆ, ಅಲೆಗಾದರೆ ಅದಕ್ಕಿಂತ ಕಡಿಮೆ. ಅವಳು ಕೋಲನ್ನು ನೇರ ನಿಲ್ಲಿಸಿ ಪಕ್ಕದಲ್ಲಿ ನಿಂತಳು. ಉಡುಪು ನೋಡಿಕೊಳ್ಳುವ ನಿಲುವುಗನ್ನಡಿಯಲ್ಲಿ ಒಬ್ಬ ಹೆಂಗಸು, ಒಂದು ಕೋಲು. ಬಲಗೈಯನ್ನು ಮೆಲ್ಲಗೆ ಏರಿಸಿದಳು. ಕೈ ಕಿವಿಗೆ ಬಂದು ನಿಂತಿತು. ಅಲ್ಲಿಂದ ಅಲಗು ನೀರಿನಲ್ಲಿ ಮುಳುಗುವಷ್ಟನ್ನು ಲೆಕ್ಕ ಹಾಕಿದಳು, ಹಲಗೆಯ ದಪ್ಪವನ್ನೂ ಕೂಡಿಸಿದಳು. ಮನೆಯ ಗೋಡೆಯ ಮೇಲೆ ಎಷ್ಟೋ ತಿಂಗಳು ಅವಳನ್ನು ಅಣಕಿಸಿದ ಆ ಎತ್ತರ ಮೊದಲ ಸಲ ಒಂದು ಅಳತೆಯಾಗಿ ಕೆಲಸಕ್ಕೆ ಬಂತು. ನೆತ್ತಿಯ ಮಟ್ಟಕ್ಕೆ ಬೆರಳಿಟ್ಟು ತೋರಿಸಿದಳು.

"ಇಲ್ಲಿಗೆ ಕತ್ತರಿಸಿ."

"ಎರಡು ಬೆರಳು ಹೆಚ್ಚಿಗೆ ಬಿಡ್ತೀನಿ. ಕೈ ಸರಿ ಹೋದ್ಮೇಲೆ ಬೇಕಾಗತ್ತೆ."

"ಕೈ ಇಷ್ಟೇ. ಇಲ್ಲಿಗೇ ಕತ್ತರಿಸಿ."

"ಕತ್ತರಿಸಿದ್ಮೇಲೆ ಜೋಡಿಸಕ್ಕಾಗಲ್ಲ, ವಾಪಸ್ಸೂ ತಗೊಳಲ್ಲ. ಆಮೇಲೆ ನನ್ನ ಬೈಬಾರ್ದು."

"ಬೈಯಲ್ಲ."

ಕೈ ಇಷ್ಟೇ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಛಾವಣಿ ಕುಸಿಯಲಿಲ್ಲ. ಮಾಲೀಕಳು ಕೋಲಿಗೆ ಪಟ್ಟಿ ಸುತ್ತಿ, ಗುರುತು ಹಾಕಿ, ಇಕ್ಕಳಕ್ಕೆ ಸಿಕ್ಕಿಸಿ, ಸಣ್ಣ ಹಲ್ಲಿನ ಗರಗಸ ಇಟ್ಟಳು. ಕರಕರ ಸದ್ದು. ಅರ್ಧ ಕತ್ತರಿಸಿದಾಗ, ತಡೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದ ಮಾತನ್ನು ನುಂಗಿದಳು, ಮಾತ್ರೆ ನುಂಗಿದ ಹಾಗೆ, ನೀರಿಲ್ಲದೆ. ಕಪ್ಪು ಪುಡಿ ಉದುರಿತು. ಮೇಲಿನ ತುಂಡು ನೆಲಕ್ಕೆ ಬಿದ್ದು ಟಣ್ಣೆಂದು ಉರುಳಿಹೋಯಿತು. ಆ ತುಂಡು ಬೇಕಾ ಎಂದು ಮಾಲೀಕಳು ಕೇಳಿದಳು. ಬೇಡ ಎಂದಳು.

ಅವಳು ಮನೆಗೆ ಬಂದಾಗ ಗಂಡ ಊಟದ ಮೇಜಿನ ಮೇಲೆ ಹಳೆಯ ಕಾಗದ ಹಾಸಿಕೊಂಡು ಗ್ರಂಥಾಲಯದ ಹರಿದ ಪುಸ್ತಕವೊಂದರ ಬೆನ್ನಿಗೆ ಅಂಟು ಸವರುತ್ತಿದ್ದ. ಶನಿವಾರದ ಅವನ ಕೆಲಸ ಅದು. ಅವಳು ಹುಟ್ಟನ್ನು ಪುಸ್ತಕದ ಪಕ್ಕ ಇಟ್ಟಳು. ಇಡುವಾಗ ಅಂಟಿನ ಬಟ್ಟಲು ಸರಿಸಬೇಕಾಯಿತು. ಸರಿಸಿದವನು ಅವನೇ. ಕುಂಚ ಹಿಡಿದ ಕೈ ಹಾಗೇ ಇತ್ತು. ಅವನು ಹುಟ್ಟನ್ನು ಅಲಗಿನಿಂದ ಹಿಡಿಯವರೆಗೆ ನೋಡಿದ, ಹೊಸ ಪುಸ್ತಕ ಬಂದಾಗ ಮೊದಲು ರಟ್ಟು, ಆಮೇಲೆ ಬೆನ್ನು, ಆಮೇಲೆ ಕೊನೆಯ ಪುಟ ನೋಡುವ ಹಾಗೆ. ಅಡುಗೆಮನೆಯ ನಲ್ಲಿ ಹನಿಯುತ್ತಿತ್ತು. ಮಾತು ಅವಳೇ ತೆಗೆದಳು. ಮೇಲಿರುವ ದೊಡ್ಡದನ್ನು ಇಳಿಸಿ ಯಾರಿಗಾದರೂ ಕೊಟ್ಟುಬಿಡೋಣ, ಇನ್ನು ಅದು ನನಗೆ ಬೇಡ ಎಂದಳು.

"ಅದನ್ನ ಬೇಕಂತಲೇ ಮೇಲಿಟ್ಟೆ," ಅವನು ಅಂದ.

"ಗೊತ್ತು."

"ನಿಂಗೆ ಎಟುಕಬಾರದು ಅಂತಲೇ."

"ಗೊತ್ತು ಅಂದ್ನಲ್ಲ."

ಅವನು ಕುಂಚವನ್ನು ಬಟ್ಟಲಿನಲ್ಲಿ ಅದ್ದಿ ಪುಸ್ತಕದ ಬೆನ್ನಿಗೆ ಇನ್ನೊಂದು ಸಲ ಎಳೆದ, ಆಗಲೇ ಎಳೆದಿದ್ದ ಜಾಗಕ್ಕೇ. ಅವನ ಕಿವಿಯ ತುದಿ ಕೆಂಪಾಗಿತ್ತು. ಆ ಕೆಂಪನ್ನು ನೋಡುತ್ತಿದ್ದ ಹಾಗೆ ಶೂ ಮಾತು ಅವಳ ಗಂಟಲಿಗೆ ಬಂತು, ಅದರ ಹಿಂದೆ ಆ ದಿನವೆಲ್ಲ ಬಂತು, ಮರಳು ಮೆತ್ತಿದ ಇಸ್ತ್ರಿ ಅಂಗಿ, ಕಟಕಟ ಎನ್ನುತ್ತಿದ್ದ ಹಲ್ಲು. ಈಗ ತಪ್ಪಾಯಿತು ಎಂದು ಹೇಳಿದರೆ ಅವನು ಪರವಾಗಿಲ್ಲ ಅಂದುಬಿಡುತ್ತಾನೆ. ಆ ಪರವಾಗಿಲ್ಲ ತನಗೆ ಬೇಕಾಗಿಲ್ಲ. ಹೇಳಿ ಹಗುರಾಗುವುದಕ್ಕಿಂತ ಹೊತ್ತುಕೊಂಡು ಸರಿಯಾಗಿ ಹೋಗಿ ಸರಿಯಾಗಿ ಬರುವುದು ಮೇಲು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಚಿಕ್ಕದು ತಂದ್ರೆ," ಅವನು ತಲೆಯೆತ್ತದೆ ಕೇಳಿದ, "ಸಮುದ್ರ ಚಿಕ್ಕದಾಗತ್ತಾ?"

"ಇಲ್ಲ. ನಾನೂ ಚಿಕ್ಕವಳಾಗಲ್ಲ."

ಅವನು ಪುಸ್ತಕವನ್ನು ಮುಚ್ಚಿ, ಮೇಲೊಂದು ಭಾರದ ನಿಘಂಟು ಇಟ್ಟ. ಅಂಟು ಹಿಡಿಯುವವರೆಗೆ ಅಂಗೈಯಿಂದ ಅದನ್ನು ಒತ್ತಿ ಹಿಡಿದು ಕೂತ. ನಿಘಂಟಿನ ಭಾರ ಸಾಕಿತ್ತು, ಅವನ ಕೈ ಬೇಕಿರಲಿಲ್ಲ. ಆಮೇಲೆ, ಬೆಳಗ್ಗೆ ಎಷ್ಟು ಹೊತ್ತಿಗೆ ಎಂದು ಕೇಳಿದ.

ಭಾನುವಾರ ಗಾಳಿ ಕಡಿಮೆಯಿತ್ತು. ಅಲೆಗಳು ಸೊಂಟದೆತ್ತರ, ಒಂದರ ಹಿಂದೆ ಒಂದು, ಅವಸರವಿಲ್ಲದೆ ಬರುತ್ತಿದ್ದವು. ಅವನು ಹಲಗೆಯನ್ನು ನೀರಿನ ಅಂಚಿನವರೆಗೆ ಹೊತ್ತು ತಂದು ಇಟ್ಟ, ಹಲಗೆಯ ಹಗ್ಗವನ್ನು ಅವಳ ಕಾಲಿಗೆ ತಾನೇ ಬಗ್ಗಿ ಕಟ್ಟಿದ, ಗಂಟನ್ನು ಎರಡು ಸಲ ಎಳೆದು ನೋಡಿದ. ನೋಡಿ ಹಿಂದಕ್ಕೆ ಹೋದ. ಅವಳು ತಿರುಗಲಿಲ್ಲ. ಮಂಡಿಯೂರಿ ಮೊದಲ ನೊರೆಗಳನ್ನು ದಾಟಿದಳು, ಎದ್ದು ನಿಂತಳು. ಮೊದಲ ಕೆಲವು ಸಲ ಅಲಗು ನೀರಿನಿಂದ ಸುಮ್ಮನೆ ಜಾರಿ ಹೊರಬಂತು. ಹಳೆಯ ಅಭ್ಯಾಸ, ಗೋಣಿಚೀಲ ಎಳೆಯುವ ಬಲ ಹಾಕುತ್ತಿದ್ದಳು, ಇದಕ್ಕೆ ಅಷ್ಟು ಬೇಕಿರಲಿಲ್ಲ. ಬಲ ಹೆಚ್ಚಾಗಿ ತೂಕ ತಪ್ಪಿ ಧೊಪ್ಪೆಂದು ಬಿದ್ದಳು. ಮೂಗಿನೊಳಗೆ ಉಪ್ಪು. ಹತ್ತಿದಳು. ಮೊದಲ ಅಲೆ ಅಡಿಯಿಂದ ನುಸುಳಿ ಹೋಯಿತು, ಎರಡನೆಯದು ಅವಳನ್ನು ಪಕ್ಕಕ್ಕೆ ಎಸೆಯಿತು. ಮತ್ತೆ ಹತ್ತುವಾಗ ಭುಜ ನೋಯುತ್ತಿತ್ತು, ಆದರೆ ಅದು ಹಳೆಯ, ಗುರುತಿನ ನೋವು, ಬಾಗಿಲು ತಟ್ಟುವ ನೋವಲ್ಲ. ಸೆಳೆತ ಎತ್ತ ಒಯ್ಯುತ್ತಿದೆಯೆಂದು ದಡದ ಗುರುತು ಹಿಡಿದು ನೋಡಿಕೊಂಡಳು, ನಾಲ್ಕು ಸಲ ಹುಟ್ಟು ಹಾಕಿ ತನ್ನ ಜಾಗಕ್ಕೆ ತಾನೇ ಮರಳಿದಳು. ಇಷ್ಟನ್ನು ಅಂದು ಮಾಡಲಾಗಿರಲಿಲ್ಲ. ನಿಂತು ಕಾದಳು. ದೂರದಲ್ಲಿ ನೀರು ಕಪ್ಪಗೆ ಗೆರೆಕಟ್ಟಿ ಏಳುವುದು ಕಂಡಿತು. ಹಲಗೆಯನ್ನು ತಿರುಗಿಸಿದಳು, ತಿರುಗಿತು, ಅವಳು ಅಂದುಕೊಂಡದ್ದಕ್ಕಿಂತ ಬೇಗ. ಕಚ್ಚು, ಬಿಡು, ಕಚ್ಚು, ಬಿಡು. ಅಲಗು ಚಿಟ್ಟೆಯ ಹಾಗೆ ಒಳಗೆ ಹೊರಗೆ ಆಡುತ್ತಿತ್ತು, ಹಿಡಿ ಅವಳ ಕಿವಿಯ ಪಕ್ಕದಲ್ಲೇ ಬಂದು ಬಂದು ಹೋಗುತ್ತಿತ್ತು. ಹಿಂದಿನಿಂದ ಹಲಗೆಯ ಬಾಲವನ್ನು ಏನೋ ಮೆಲ್ಲಗೆ ಎತ್ತಿತು. ಆಮೇಲೆ ಅವಳು ಏನೂ ಮಾಡಬೇಕಾಗಿರಲಿಲ್ಲ. ನೀರಿನ ಇಳಿಜಾರು ಅವಳನ್ನು ಹೊತ್ತು ಓಡಿತು, ಗಾಳಿ ಮುಖಕ್ಕೆ ರಾಚಿತು. ಅವಳು ಹುಟ್ಟಿನ ಅಂಚನ್ನು ನೀರಿಗೆ ತಾಗಿಸಿ ಬಲಕ್ಕೆ ಒರಗಿದಳು, ಅಲೆಯ ಮುರಿಯದ ಕಡೆಗೆ ಹಲಗೆ ಬಾಗಿ ಹೊರಳಿತು. ಗಂಟಲಿನಿಂದ ಒಂದು ಸದ್ದು ಹೊರಬಂತು. ಅದು ತನ್ನದೆಂದು ಗೊತ್ತಾಗುವಷ್ಟರಲ್ಲಿ ಅಲೆ ನೊರೆಯಾಗಿ, ಹಲಗೆ ನಿಧಾನವಾಗಿ, ಮೊಣಕಾಲೆತ್ತರದ ನೀರಿನಲ್ಲಿ ಅವಳು ಇಳಿದು ನಿಂತಿದ್ದಳು.

ಮೊದಲು ಅವನನ್ನು ಹುಡುಕಿದಳು. ನೋಡಿದೆಯಾ ಎಂಬ ಮಾತು ಬಾಯಲ್ಲೇ ಇತ್ತು. ಅವನು ಮರಳಿನ ಮೇಲೆ ಕೂತಿದ್ದ, ಸಮುದ್ರಕ್ಕೆ ಬೆನ್ನು ಹಾಕಿ. ಮುಖ ರಸ್ತೆಯ ಕಡೆ, ಸಾಲಾಗಿ ನಿಂತ ಕಾರುಗಳ ಕಡೆ. ಹತ್ತು ವರ್ಷದಲ್ಲಿ ಇಷ್ಟು ಬೇಗ, ಇಷ್ಟು ಚೆನ್ನಾಗಿ ಅವಳು ಅಲೆ ಹಿಡಿದಿರಲಿಲ್ಲ, ಅದನ್ನು ನೋಡಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಕಾರುಗಳನ್ನು ಎಣಿಸುತ್ತ ಕೂತಿದ್ದಾನೆ. ಹಲಗೆಯನ್ನು ಮರಳಿಗೆ ಎಳೆದು ಬಿಟ್ಟು ದಡದಡ ನಡೆದಳು. ಹತ್ತಿರವಾದಂತೆ ಹೆಜ್ಜೆ ತಾನಾಗಿ ನಿಧಾನವಾಯಿತು. ಅವನ ಎರಡು ಕೈಗಳೂ ಮೈಯ ಅಕ್ಕಪಕ್ಕದಲ್ಲಿ ಮಣಿಕಟ್ಟಿನವರೆಗೆ ಮರಳಿನೊಳಗೆ ಹೂತುಹೋಗಿದ್ದವು. ಮರಳಿನೊಳಗೆ ಆ ಕೈಗಳು ಏನನ್ನೋ ಬಿಗಿಯಾಗಿ ಹಿಡಿದಿರಬೇಕು, ತೋಳಿನ ನರಗಳು ಎದ್ದು ಕಾಣುತ್ತಿದ್ದವು. ಪ್ರತಿ ಅಲೆ ಒಡೆದಾಗಲೂ ಆ ಸದ್ದಿಗೆ ಅವನ ಬೆನ್ನು ಸಣ್ಣಗೆ ಬೆಚ್ಚುತ್ತಿತ್ತು. ನೋಡಿದ್ದರೆ ಎದ್ದು ಓಡಿಬರುತ್ತಿದ್ದ. ಓಡಿಬರಬಾರದೆಂದು ತಿರುಗಿ ಕೂತಿದ್ದ. ಮೂಳೆಯ ಒಳಗನ್ನು ಇಷ್ಟು ವರ್ಷ ನೋಡಿದವಳು ಅವಳು. ಒಬ್ಬ ಮನುಷ್ಯನ ಬೆನ್ನನ್ನು ಹೀಗೆ ನಿಂತು ನೋಡಿದ್ದು ಇವತ್ತೇ.

ಅವಳ ಮೈಯಿಂದ ಸುರಿದ ನೀರು ಅವನ ಕುತ್ತಿಗೆಯ ಮೇಲೆ ಹನಿಯಿತು. ಅವನು ತಿರುಗಲಿಲ್ಲ.

"ಬಂದ್ಯಾ?"

"ಬಂದೆ."

"ಮುಗೀತಾ?"

ಅವಳು ಹಿಂದಕ್ಕೆ ನೋಡಿದಳು. ದೂರದಲ್ಲಿ ನೀರು ಮತ್ತೆ ಗೆರೆಕಟ್ಟುತ್ತಿತ್ತು. ಮುಗೀತು ಎಂದರೆ ಆ ಕೈಗಳು ಮರಳಿನಿಂದ ಹೊರಬರುತ್ತವೆ, ಇಬ್ಬರೂ ಮನೆಗೆ ಹೋಗಿ ಬಿಸಿ ಕಾಫಿ ಕುಡಿಯಬಹುದು. ಅಷ್ಟನ್ನು ಅವನಿಗೆ ಕೊಡುವುದು ಎಷ್ಟು ಸುಲಭ.

"ಇಲ್ಲ," ಎಂದಳು.

ಅವನು ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಆಮೇಲೆ ಅಲೆಯ ಸದ್ದನ್ನು ಮೀರಿಸಲು ದನಿಯೇರಿಸಿ, ರಸ್ತೆಗೆ ಹೇಳುವವನಂತೆ, "ಹಾಗಾದ್ರೆ ಹೋಗು" ಅಂದ.

ಅವಳು ಹೋದಳು. ಹಲಗೆಯನ್ನು ನೀರಿಗೆ ತಳ್ಳಿ, ನೊರೆ ದಾಟಿ, ಎದ್ದು ನಿಂತು, ಅವನು ತಿರುಗಿದನೋ ಇಲ್ಲವೋ ಎಂದು ನೋಡದೆ ಹುಟ್ಟು ಹಾಕಿದಳು.